ಅರ್ಧ ಗಂಟೆ ಡಚ್, ಅರ್ಧ ಗಂಟೆ ಇಂಗ್ಲಿಷ್

ಡಚ್ ಕಲಿಯಲು ಹೊರಟವರಿಗೆ ಡಚ್ಚರ ಇಂಗ್ಲಿಷೇ ದೊಡ್ಡ ಅಡ್ಡಿ. ಐಂಡ್‌ಹೋವನ್‌ನ ಬೇಕರಿಯಲ್ಲೋ ಆಮ್ಸ್ಟೆಲ್‌ವೇನ್‌ನ ಔಷಧಿ ಅಂಗಡಿಯಲ್ಲೋ ಹೊಸಬರು ತಡವರಿಸುತ್ತ ಒಂದು ಡಚ್ ವಾಕ್ಯ ಜೋಡಿಸುವಷ್ಟರಲ್ಲಿ ಎದುರಿನವರು ಸಲೀಸಾದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ವ್ಯವಹಾರ ಮುಗಿಸಿಬಿಡುತ್ತಾರೆ. ಅದರಲ್ಲಿ ತಾತ್ಸಾರವೇನೂ ಇರುವುದಿಲ್ಲ. ಬಂದವರಿಗೆ ತೊಂದರೆಯಾಗದಿರಲಿ ಎಂಬ ಕಾಳಜಿ ಇರುತ್ತದೆ. ಐರೋಪ್ಯ ಒಕ್ಕೂಟದ 2012ರ ಯೂರೋಬಾರೋಮೀಟರ್ ಸಮೀಕ್ಷೆಯಲ್ಲಿ ನೆದರ್ಲೆಂಡ್ಸ್‌ನ ಶೇ 90ರಷ್ಟು ಜನ ತಾವು ಇಂಗ್ಲಿಷಿನಲ್ಲಿ ಸಂಭಾಷಣೆ ನಡೆಸಬಲ್ಲೆವು ಎಂದಿದ್ದರು. ಅಂಥ ನಾಡಿನಲ್ಲಿ ಡಚ್ ಆಡಿ ನಾಲಿಗೆ ಪಳಗಿಸಿಕೊಳ್ಳುವ ಅವಕಾಶ ತಾನಾಗಿ ಒದಗಿಬರುವುದಿಲ್ಲ.

ಅದನ್ನು ಹುಡುಕಿಕೊಂಡು ಹೋಗುವ ದಾರಿಗಳಲ್ಲಿ ಭಾಷಾ ವಿನಿಮಯ ಒಂದು. ಡಚ್ ಬೇಕಾದವರೊಬ್ಬರು, ಇಂಗ್ಲಿಷ್ ಹದಗೊಳಿಸಿಕೊಳ್ಳಬೇಕಾದ ಡಚ್ಚರೊಬ್ಬರು ವಾರಕ್ಕೊಮ್ಮೆ ಗ್ರಂಥಾಲಯದಲ್ಲೋ ಕಾಫಿ ಅಂಗಡಿಯಲ್ಲೋ ಕೂರುತ್ತಾರೆ. ಅರ್ಧ ಹೊತ್ತು ಒಬ್ಬರ ಭಾಷೆ, ಉಳಿದರ್ಧ ಇನ್ನೊಬ್ಬರದು. ಶುಲ್ಕವಿಲ್ಲ, ಗುರು-ಶಿಷ್ಯ ಎಂಬ ಭೇದವಿಲ್ಲ. ಇಷ್ಟು ಸರಳವಾದ ಏರ್ಪಾಡು ಭಾಷಾವಿಜ್ಞಾನಿಗಳ, ಸಮಾಜಶಾಸ್ತ್ರಜ್ಞರ, ತತ್ತ್ವಚಿಂತಕರ ವಾದಗಳೆಲ್ಲ ಬಂದು ಸೇರುವ ಜಾಗವೂ ಹೌದು. ಹೀಗೆ ಮಾತಾಡುವುದರಿಂದ ಭಾಷೆ ನಿಜಕ್ಕೂ ಬರುತ್ತದೆಯೇ? ಕೊಡುವುದೂ ಕೊಳ್ಳುವುದೂ ಸರಿಸಮವೇ? ಜೊತೆಗಾರರಾಗುವ ಅರ್ಹತೆ ಯಾರದು?

ಆಂಟ್ವರ್ಪ್ ಬಂದರಿನಿಂದ ಬೋಹುಮ್‌ನ ಇಮೇಲ್‌ವರೆಗೆ

ಡಚ್ಚರೂ ಇಂಗ್ಲಿಷರೂ ಒಬ್ಬರ ನುಡಿಯನ್ನೊಬ್ಬರು ಕಲಿಯುವ ಅಗತ್ಯ ಹುಟ್ಟಿಸಿದ್ದು ವ್ಯಾಪಾರ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಉಣ್ಣೆಬಟ್ಟೆ ಆಂಟ್ವರ್ಪ್ ಬಂದರಿಗೆ ಬಂದಿಳಿಯುತ್ತಿತ್ತು. ಅದೇ ಊರಿನ ನೋಯೆಲ್ ದ ಬೆರ್ಲೈಮಾಂಟ್ ಎಂಬ ಉಪಾಧ್ಯಾಯರು ಫ್ರೆಂಚ್-ಡಚ್ ಸಂಭಾಷಣೆಯ ಕೈಪಿಡಿಯೊಂದನ್ನು ಬರೆದರು. ಊಟದ ಮೇಜಿನ ಹರಟೆ, ಕೊಳ್ಳುವಾಗಿನ ಚೌಕಾಸಿ, ಸಾಲ ವಸೂಲಿಯ ಮಾತು, ಎಲ್ಲವೂ ಅದರಲ್ಲಿ ಸಂವಾದದ ರೂಪದಲ್ಲಿದ್ದವು. ಮುಂದಿನ ಮುದ್ರಣಗಳಲ್ಲಿ ಇಂಗ್ಲಿಷೂ ಸೇರಿ ಅದು ಎಂಟು ಭಾಷೆಗಳವರೆಗೆ ಬೆಳೆಯಿತು. ಸುಮಾತ್ರದ ಅಚೇ ಎಂಬಲ್ಲಿ ಸೆರೆಯಾಗಿದ್ದ ಡಚ್ ನಾವಿಕ ಫ್ರೆಡರಿಕ್ ದ ಹೌಟ್‌ಮನ್ 1603ರಲ್ಲಿ ಮಲಯ ಭಾಷೆಯ ಕೈಪಿಡಿ ಹೊರತಂದಾಗ ಅದರ ಕೆಲವು ಸಂವಾದಗಳಿಗೆ ಮಾದರಿಯಾದದ್ದು ಈ ಪುಸ್ತಕವೇ. ಭಾಷೆ ಎಂದರೆ ಇಬ್ಬರ ನಡುವಿನ ಮಾತುಕತೆ ಎಂಬ ತಿಳಿವಳಿಕೆ ವ್ಯಾಪಾರಿಗಳಿಗೆ ಶಾಲೆಗಳಿಗಿಂತ ಬಹಳ ಮೊದಲೇ ಇತ್ತು.

ಸಮಾನರು ಸಮಾನರಿಗೆ ಕಲಿಸಬಹುದು ಎಂಬ ವಿಚಾರದ ವಂಶಾವಳಿಯಲ್ಲಿ ದಕ್ಷಿಣ ಭಾರತಕ್ಕೂ ಜಾಗವಿದೆ. ಮದರಾಸಿನ ಅನಾಥ ಬಾಲಕರ ಆಶ್ರಮ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್, ಸ್ಥಳೀಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಬಲ್ಲ ಹುಡುಗ ಅರಿಯದವನಿಗೆ ಹೇಳಿಕೊಡುವ ಪದ್ಧತಿ ರೂಪಿಸಿದರು. 1797ರಲ್ಲಿ ಅವರು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ಅದು ಮದರಾಸ್ ಪದ್ಧತಿ ಎಂದೇ ಹೆಸರಾಯಿತು.

ಇಬ್ಬರೂ ಕಲಿಯುವವರು, ಇಬ್ಬರೂ ಕಲಿಸುವವರು ಎಂಬ ಈಗಿನ ರೂಪಕ್ಕೆ ನಿಜವಾದ ತಳಹದಿ ಎರಡನೆಯ ಮಹಾಯುದ್ಧದ ನಂತರದ್ದು. 1963ರಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಎಲಿಸೀ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಎರಡೂ ದೇಶಗಳ ಯುವಜನ ಕಚೇರಿ ಹುಟ್ಟಿತು. ಅದರ ಶಿಬಿರಗಳಲ್ಲಿ ಫ್ರೆಂಚ್ ಮತ್ತು ಜರ್ಮನ್ ಯುವಕ-ಯುವತಿಯರನ್ನು ಜೋಡಿಯಾಗಿ ಕೂರಿಸಿ ಪರಸ್ಪರರ ಭಾಷೆ ಕಲಿಸುವ ಪ್ರಯೋಗಗಳು ನಡೆದವು. ತಂದೆಯರು ಯುದ್ಧದಲ್ಲಿ ಎದುರಾಳಿಗಳಾಗಿದ್ದ ಮಕ್ಕಳು ಅವರು ಎಂಬುದನ್ನು ನೆನೆದರೆ ಆ ಏರ್ಪಾಡಿನ ತೂಕ ತಿಳಿಯುತ್ತದೆ. ಮುಂದೆ ಇಬ್ಬರು ತುಳಿಯುವ ಸೈಕಲ್ಲಿನ ಹೆಸರು ಈ ವಿಧಾನಕ್ಕೆ ಅಂಟಿಕೊಂಡು ಅದು ಟ್ಯಾಂಡೆಮ್ ಆಯಿತು. 1990ರ ದಶಕದಲ್ಲಿ ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯದ ಹೆಲ್ಮುಟ್ ಬ್ರಾಮರ್ಟ್ಸ್ ಅದನ್ನು ಇಮೇಲಿಗೆ ತಂದು, ವಿವಿಧ ದೇಶಗಳ ವಿಶ್ವವಿದ್ಯಾಲಯಗಳ ಜಾಲ ಕಟ್ಟಿದರು. ಅವರೂ ಅವರ ಸಹೋದ್ಯೋಗಿಗಳೂ ಎತ್ತಿಹಿಡಿದ ಎರಡು ಸೂತ್ರಗಳನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ: ಇಬ್ಬರಿಗೂ ಸಮಾನ ಲಾಭ ಸಿಗಬೇಕು, ತನ್ನ ಕಲಿಕೆಯ ಹೊಣೆ ತನ್ನದೇ ಆಗಿರಬೇಕು.

ಮೊಬೈಲ್ ಕಾಲದಲ್ಲಿ ಹುಡುಕಾಟ ಸುಲಭವಾಯಿತು, ಜೋಡಿ ಉಳಿಯುವುದು ಕಷ್ಟವಾಯಿತು. 2007ರಲ್ಲಿ ಆರಂಭವಾಗಿ ಲಕ್ಷಾಂತರ ಜನರನ್ನು ಸೆಳೆದ ಲೈವ್‌ಮೋಕಾ ಎಂಬ ಭಾಷಾ ಕಲಿಕೆಯ ಜಾಲತಾಣ 2016ರಲ್ಲಿ ಬಾಗಿಲು ಹಾಕಿತು. ಹಲೋಟಾಕ್, ಬರ್ಲಿನ್ನಿನ ಟ್ಯಾಂಡೆಮ್ ಮುಂತಾದ ಆ್ಯಪ್‌ಗಳು ಇಂದು ಆ ಕೆಲಸ ಮಾಡುತ್ತಿವೆ. ಅಲ್ಲಿ ಮಹಿಳೆಯರಿಗೆ ಭಾಷೆಗೆ ಸಂಬಂಧವಿಲ್ಲದ ಸಂದೇಶಗಳ ಕಾಟವಿದೆ. ಮೊದಲ ಭೇಟಿ ಗ್ರಂಥಾಲಯದಂಥ ಸಾರ್ವಜನಿಕ ಜಾಗದಲ್ಲೇ ಆಗಲಿ ಎಂದು ಅನುಭವಿಗಳು ಹೇಳುವುದು ಅದಕ್ಕಾಗಿಯೇ.

ಮಾತು ಇಂಗ್ಲಿಷಿಗೇ ಯಾಕೆ ಹೊರಳುತ್ತದೆ?

ಜೋಡಿ ಸಿಕ್ಕಿತು ಎಂದುಕೊಳ್ಳೋಣ. ಮೊದಲ ವಾರ ಡಚ್‌ಗೆ ಮೀಸಲಿಟ್ಟ ಅರ್ಧ ಗಂಟೆ ಪೂರ್ತಿ ನಡೆಯುತ್ತದೆ. ಮೂರನೆಯ ವಾರಕ್ಕೆ ಅದು ಹತ್ತು ನಿಮಿಷಕ್ಕಿಳಿಯುತ್ತದೆ. ಆಮೇಲೆ ಇಬ್ಬರೂ ಇಂಗ್ಲಿಷಿನಲ್ಲೇ ಹರಟುವ ಗೆಳೆಯರಾಗಿರುತ್ತಾರೆ. ಡಚ್-ಇಂಗ್ಲಿಷ್ ಜೋಡಿಗಳಲ್ಲಿ ಪದೇಪದೇ ಕಾಣುವ ಈ ಜಾರುವಿಕೆಗೆ ಮೂರು ವಿವರಣೆಗಳಿವೆ.

ಮೊದಲನೆಯದು ಆಮ್ಸ್ಟರ್‌ಡ್ಯಾಮಿನ ಸಮಾಜಶಾಸ್ತ್ರಜ್ಞ ಆಬ್ರಾಮ್ ದ ಸ್ವಾನ್ ಅವರದು. 2001ರ ತಮ್ಮ ಗ್ರಂಥದಲ್ಲಿ ಅವರು ಜಗತ್ತಿನ ಭಾಷೆಗಳನ್ನು ಶ್ರೇಣಿಗಳಾಗಿ ಜೋಡಿಸಿ ತೋರಿಸಿದರು. ಕೆಳಗೆ ಸಾವಿರಾರು ಸಣ್ಣ ನುಡಿಗಳು, ಅದರ ಮೇಲೆ ಶಾಲೆ, ಆಡಳಿತ, ಪತ್ರಿಕೆಗಳಲ್ಲಿ ನೆಲೆನಿಂತ ನೂರರಷ್ಟು ಭಾಷೆಗಳು, ಅದರ ಮೇಲೆ ಹನ್ನೆರಡರ ಆಸುಪಾಸಿನ ದೊಡ್ಡ ಭಾಷೆಗಳು, ತುದಿಯಲ್ಲಿ ಇಂಗ್ಲಿಷ್. ಜನ ಸಾಮಾನ್ಯವಾಗಿ ಮೇಲಿನ ಹಂತದ ಭಾಷೆಯತ್ತ ಕಲಿಯುತ್ತಾರೆ, ಯಾಕೆಂದರೆ ಅಲ್ಲಿ ಮಾತಾಡಲು ಸಿಗುವವರು ಹೆಚ್ಚು. ಸುಮಾರು ಎರಡೂವರೆ ಕೋಟಿ ಜನರಾಡುವ ಡಚ್‌ಗೆ ನೆದರ್ಲೆಂಡ್ಸ್, ಬೆಲ್ಜಿಯಂನ ಫ್ಲಾಂಡರ್ಸ್, ಸುರಿನಾಮ್ ಎಂಬ ಮೂರು ನೆಲೆಗಳಿದ್ದರೂ ಇಂಗ್ಲಿಷಿನ ಮುಂದೆ ಅದರ ಸೆಳೆತ ಕಡಿಮೆ. ಈ ಅಳತೆಯಲ್ಲಿ ಡಚ್ಚೂ ಕನ್ನಡವೂ ಒಂದೇ ಮೆಟ್ಟಿಲಿನ ಭಾಷೆಗಳು. ಹಾಗಾಗಿ ಡಚ್ಚರ ಸಂಕಟ ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಹೊರಗಿನವರು ಮುರುಕು ಕನ್ನಡದಲ್ಲಿ ಬೆಲೆ ಕೇಳಿದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರುವುದು ಇದೇ ಸೆಳೆತದಿಂದ.

ಎರಡನೆಯ ವಿವರಣೆ ಬೆಲ್ಜಿಯಂನ ತತ್ತ್ವಚಿಂತಕ ಫಿಲಿಪ್ ವಾನ್ ಪರೈಸ್ ಅವರದು. ಭಾಷಾ ನ್ಯಾಯವನ್ನು ಕುರಿತ 2011ರ ಪುಸ್ತಕದಲ್ಲಿ ಅವರು ಒಂದು ಸರಳ ನಿಯಮ ಮುಂದಿಟ್ಟರು. ಗುಂಪಿನಲ್ಲಿ ಅತಿ ಕಡಿಮೆ ಬಲ್ಲವರಿಗೆ ಯಾವ ಭಾಷೆಯಲ್ಲಿ ಕಷ್ಟ ಕಡಿಮೆಯೋ ಮಾತು ಆ ಭಾಷೆಗೆ ಹೊರಳುತ್ತದೆ. ಡಚ್ಚರೊಬ್ಬರಿಗೆ ಹತ್ತಕ್ಕೆ ಎಂಟರಷ್ಟು ಇಂಗ್ಲಿಷ್ ಬರುತ್ತದೆ, ಎದುರಿನ ಕನ್ನಡಿಗ ಎಂಜಿನಿಯರ್‌ಗೂ ಎಂಟರಷ್ಟೇ ಬರುತ್ತದೆ, ಆದರೆ ಆತನ ಡಚ್ ಎರಡರಲ್ಲೇ ನಿಂತಿದೆ ಎಂದುಕೊಂಡರೆ ಫಲಿತಾಂಶ ಮೊದಲೇ ನಿಶ್ಚಯ. ಯಾರ ದುರುದ್ದೇಶವೂ ಇಲ್ಲದೆ, ಯಾರನ್ನೂ ಹೊರಗಿಡಬಾರದೆಂಬ ಸದ್ಭಾವದಿಂದಲೇ, ಸಣ್ಣ ಭಾಷೆ ಹಿಂದೆ ಸರಿಯುತ್ತದೆ. ಪ್ರಸ್ತುತ ವಿಷಯಕ್ಕೆ ಇದಕ್ಕಿಂತ ಹತ್ತಿರದ ಸಿದ್ಧಾಂತ ಇನ್ನೊಂದಿಲ್ಲ. ವಿನಿಮಯದ ಒಪ್ಪಂದ ಎಂದರೆ ಈ ನಿಯಮವನ್ನು ಅರ್ಧ ಗಂಟೆಯ ಮಟ್ಟಿಗೆ ತಡೆಹಿಡಿಯಲು ಇಬ್ಬರು ಮಾಡಿಕೊಳ್ಳುವ ನಿರ್ಧಾರ. ಗಡಿಯಾರ ನೋಡಿ ಭಾಷೆ ಬದಲಿಸುವುದು ಯಾಂತ್ರಿಕವಾಗಿ ಕಂಡರೂ ಆ ಶಿಸ್ತಿಲ್ಲದ ಜೋಡಿಗಳು ಬೇಗ ಇಂಗ್ಲಿಷಿನಲ್ಲಿ ಕರಗಿಹೋಗುತ್ತವೆ.

ಮೂರನೆಯದು ಮನೋವಿಜ್ಞಾನಿ ಹವರ್ಡ್ ಗೈಲ್ಸ್ 1970ರ ದಶಕದಲ್ಲಿ ಬೆಳೆಸಿದ ಹೊಂದಾಣಿಕೆಯ ಸಿದ್ಧಾಂತ. ಎದುರಿನವರ ಮೆಚ್ಚುಗೆ ಬೇಕಾದಾಗ ನಾವು ಅವರ ಉಚ್ಚಾರ, ವೇಗ, ಭಾಷೆಗಳತ್ತ ವಾಲುತ್ತೇವೆ. ನಮ್ಮತನ ಎತ್ತಿಹಿಡಿಯಬೇಕಾದಾಗ ದೂರ ಸರಿಯುತ್ತೇವೆ. ಫ್ಲಾಂಡರ್ಸ್‌ನ ಇತಿಹಾಸ ಇದಕ್ಕೆ ಉದಾಹರಣೆ. 1962ರಲ್ಲಿ ಡಚ್ ಮತ್ತು ಫ್ರೆಂಚ್ ಪ್ರದೇಶಗಳ ನಡುವೆ ಭಾಷಾ ಗಡಿ ಎಳೆಯಲಾಯಿತು. 1968ರ ಲ್ಯೂವೆನ್ ಚಳವಳಿ ಹಳೆಯ ವಿಶ್ವವಿದ್ಯಾಲಯವೊಂದನ್ನೇ ಭಾಷೆಯ ಮೇಲೆ ಇಬ್ಭಾಗ ಮಾಡಿತು. ಅಲ್ಲಿ ಡಚ್ ಆಡುವುದು ಹೋರಾಡಿ ಪಡೆದ ಹಕ್ಕು. ನೆದರ್ಲೆಂಡ್ಸ್‌ನಲ್ಲಿ ಅಂಥ ಗಾಯದ ನೆನಪಿಲ್ಲ. ಜೊತೆಗೆ 1986ರಿಂದ ಪ್ರಾಥಮಿಕ ಶಾಲೆಯಲ್ಲೇ ಇಂಗ್ಲಿಷ್ ಕಡ್ಡಾಯ, ಟೀವಿಯ ಇಂಗ್ಲಿಷ್ ಕಾರ್ಯಕ್ರಮಗಳಿಗೆ ಡಬ್ಬಿಂಗ್ ಬದಲು ಉಪಶೀರ್ಷಿಕೆ. ಉಪಶೀರ್ಷಿಕೆಯಿರುವ ಕಾರ್ಯಕ್ರಮ ನೋಡಿದ ಡಚ್ ಮಕ್ಕಳು ಇಂಗ್ಲಿಷ್ ಪದಗಳನ್ನು ಕಲಿತದ್ದನ್ನು ಕೂಲ್‌ಸ್ಟ್ರಾ ಮತ್ತು ಬೇಂಟ್ಯೆಸ್ 1999ರಲ್ಲಿ ದಾಖಲಿಸಿದರು.

ಹರಟೆಯಿಂದ ಭಾಷೆ ಬರುತ್ತದೆಯೇ?

ಕಲಿಕೆಯ ವಿಜ್ಞಾನ ಇಲ್ಲಿ ಎರಡು-ಮೂರು ಪಂಗಡಗಳಾಗಿ ಒಡೆದಿದೆ. ಅಮೆರಿಕದ ಸ್ಟೀಫನ್ ಕ್ರಾಶನ್ 1980ರ ದಶಕದಲ್ಲಿ ಹೇಳಿದ್ದು: ಅರ್ಥವಾಗುವ, ನಮ್ಮ ಮಟ್ಟಕ್ಕಿಂತ ಕೊಂಚ ಮೇಲಿನ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು, ಭಾಷೆ ತಾನಾಗಿ ಒಳಗಿಳಿಯುತ್ತದೆ. ಈ ಲೆಕ್ಕದಲ್ಲಿ ಜೊತೆಗಾರರ ಕೆಲಸ ತಾಳ್ಮೆಯಿಂದ ಮಾತಾಡುವುದಷ್ಟೆ. ಮೈಕಲ್ ಲಾಂಗ್ ಒಂದು ಹೆಜ್ಜೆ ಮುಂದೆ ಹೋದರು. ಅರ್ಥವಾಗದೆ ಮಾತು ತಡೆದು ನಿಂತಾಗ 'ಏನಂದಿರಿ?' ಎಂದು ಕೇಳುವುದು, ಅವರು ಬೇರೆ ರೀತಿಯಲ್ಲಿ ಹೇಳುವುದು, ಆ ಎಳೆದಾಟದಲ್ಲೇ ಕಲಿಕೆ ಇದೆ ಎಂಬುದು ಅವರ ವಾದ. ಆ್ಯಪಿನಲ್ಲಿ ಪಾಠ ಒತ್ತುವುದಕ್ಕೂ ಮನುಷ್ಯರೊಡನೆ ಕೂರುವುದಕ್ಕೂ ಇರುವ ವ್ಯತ್ಯಾಸವನ್ನು ಇದು ಚೆನ್ನಾಗಿ ವಿವರಿಸುತ್ತದೆ.

ಕೆನಡಾದ ಮೆರಿಲ್ ಸ್ವೇನ್ ಅವರ ತಕರಾರು ಬೇರೆ. ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಕೇಳಿದ್ದನ್ನೆಲ್ಲ ಅರ್ಥಮಾಡಿಕೊಳ್ಳುತ್ತಿದ್ದರು, ಆದರೆ ತಾವೇ ಆಡುವಾಗ ವ್ಯಾಕರಣ ಕೈಕೊಡುತ್ತಿತ್ತು. ಕೇಳಿದರೆ ಸಾಲದು, ಆಡುವ ಒತ್ತಡವೂ ಬೀಳಬೇಕು ಎಂದು ಅವರು 1985ರಲ್ಲಿ ಬರೆದರು. ತಪ್ಪು ತನ್ನ ಗಮನಕ್ಕೆ ಬರದೆ ತಿದ್ದಿಕೊಳ್ಳಲಾಗದು ಎಂದು ರಿಚರ್ಡ್ ಸ್ಮಿಟ್ 1990ರಲ್ಲಿ ಸೇರಿಸಿದರು.

ವಿನಿಮಯದ ಅತಿ ದುರ್ಬಲ ಕೊಂಡಿ ಈ ತಿದ್ದುವಿಕೆಯೇ. ರಾಯ್ ಲಿಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಕೆನಡಾದ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರ ತಿದ್ದುಪಡಿಗಳಲ್ಲಿ ಶೇ 55ರಷ್ಟು ತಪ್ಪು ವಾಕ್ಯವನ್ನು ಸುಮ್ಮನೆ ಸರಿಯಾಗಿ ಮರುನುಡಿಯುವಂಥವು. ಅವುಗಳಲ್ಲಿ ಶೇ 31ಕ್ಕೆ ಮಾತ್ರ ಮಕ್ಕಳಿಂದ ಏನಾದರೂ ಪ್ರತಿಕ್ರಿಯೆ ಬಂತು. ತರಬೇತಾದ ಶಿಕ್ಷಕರ ಪಾಡೇ ಹೀಗಿರುವಾಗ ಸ್ನೇಹಕ್ಕೆ ಭಂಗ ಬಾರದಿರಲಿ ಎಂದು ತಪ್ಪನ್ನು ನುಂಗಿಕೊಳ್ಳುವ ಜೊತೆಗಾರರಿಂದ ಹೆಚ್ಚು ನಿರೀಕ್ಷಿಸಲಾಗದು. ಅಲ್ಲದೆ, ತಾಯ್ನುಡಿಯವರಿಗೆ ತಪ್ಪು ಕೇಳಿಸುತ್ತದೆ, ಕಾರಣ ಹೊಳೆಯುವುದಿಲ್ಲ. ಡಚ್ ನಾಮಪದಗಳಿಗೆ 'ದ' ಮತ್ತು 'ಹೆತ್' ಎಂಬ ಎರಡು ನಿರ್ದೇಶಕ ಉಪಪದಗಳಿವೆ. ಯಾವುದಕ್ಕೆ ಯಾವುದು ಎಂದು ಕೇಳಿದರೆ 'ನಾವು ಹಾಗೇ ಹೇಳುವುದು' ಎಂಬಷ್ಟೇ ಉತ್ತರ. ಪ್ರಧಾನ ವಾಕ್ಯದಲ್ಲಿ ಎರಡನೆಯ ಜಾಗದಲ್ಲಿ ಕೂರುವ ಕ್ರಿಯಾಪದ ಅಧೀನ ವಾಕ್ಯದಲ್ಲಿ ಕೊನೆಗೆ ಸರಿಯುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ತೊಡಕು; ಕ್ರಿಯಾಪದ ಕೊನೆಗೇ ಬರುವ ಕನ್ನಡದವರಿಗೆ ಅಷ್ಟು ಪರಕೀಯವಲ್ಲ. ಆದರೆ ಅದನ್ನು ಎತ್ತಿ ತೋರಿಸಲು ಕನ್ನಡ ಬಲ್ಲ ಯಾರಾದರೂ ಬೇಕು.

ಆದ್ದರಿಂದಲೇ ತರಗತಿಯನ್ನು ಬಿಟ್ಟು ವಿನಿಮಯವನ್ನೇ ನೆಚ್ಚುವುದು ಸರಿಯಲ್ಲ ಎಂಬ ಪಂಗಡ ಬಲವಾಗಿದೆ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡೆಲ್ಫ್ಟ್ ವಿಧಾನ, ಮನೆಯಲ್ಲಿ ಪಠ್ಯವನ್ನು ಮತ್ತೆ ಮತ್ತೆ ಕೇಳಿ ತಯಾರಾಗಿ ಬಂದು ತರಗತಿಯಲ್ಲಿ ಡಚ್‌ನಲ್ಲೇ ಮಾತಾಡಬೇಕೆನ್ನುತ್ತದೆ. ಅಮೆರಿಕದ ರಾಜತಾಂತ್ರಿಕ ತರಬೇತಿ ಸಂಸ್ಥೆ ಇಂಗ್ಲಿಷ್ ಭಾಷಿಕರಿಗೆ ಸುಲಭವಾದ ಭಾಷೆಗಳ ಗುಂಪಿಗೆ ಡಚ್ಚನ್ನು ಸೇರಿಸಿದೆ. ಹಾಗಿದ್ದೂ ಅದಕ್ಕೆ ಸುಮಾರು 600 ತರಗತಿ ಗಂಟೆ ಬೇಕೆಂಬುದು ಅಲ್ಲಿನ ಲೆಕ್ಕ. ವಾರಕ್ಕೆ ಅರ್ಧ ಗಂಟೆಯಂತೆ ವರ್ಷವಿಡೀ ಕೂತರೂ ಇಪ್ಪತ್ತಾರು ಗಂಟೆ. ವಿನಿಮಯ ಭಾಷೆಯನ್ನು ಪೂರ್ತಿ ಕಲಿಸಲಾರದು; ತರಗತಿಯಲ್ಲಿ ಕಲಿತದ್ದು ನಾಲಿಗೆಗೆ ಬರಲು ಬೇಕಾದ ಧೈರ್ಯ ಕೊಡಬಲ್ಲದು. ಅದೇನು ಸಣ್ಣ ಮಾತಲ್ಲ.

ಭಾರತೀಯರ ಇಂಗ್ಲಿಷ್ ವಿನಿಮಯಕ್ಕೆ ಸಲ್ಲುತ್ತದೆಯೇ?

ಕನ್ನಡಿಗರಿಗೆ ಈ ಚರ್ಚೆ ನೇರವಾಗಿ ತಾಗುವುದು ಇಲ್ಲಿ. ನೆದರ್ಲೆಂಡ್ಸ್ 2004ರಲ್ಲಿ ಉನ್ನತ ಕೌಶಲದ ವಲಸಿಗರಿಗೆ ಪ್ರತ್ಯೇಕ ಪರವಾನಗಿ ತಂದ ಮೇಲೆ ಭಾರತದಿಂದ, ಅದರಲ್ಲೂ ಬೆಂಗಳೂರಿನಿಂದ, ತಂತ್ರಜ್ಞರು ಐಂಡ್‌ಹೋವನ್ ಪಕ್ಕದ ಫೆಲ್ಡ್‌ಹೋವನ್‌ನ ಎಎಸ್‌ಎಂಎಲ್‌ನಂಥ ಕಂಪನಿಗಳಿಗೆ, ಆಮ್ಸ್ಟರ್‌ಡ್ಯಾಮ್ ಸುತ್ತಲಿನ ಐಟಿ ಮತ್ತು ಬ್ಯಾಂಕ್ ಕೆಲಸಗಳಿಗೆ ಹೋದರು. ಕಚೇರಿಯ ಭಾಷೆ ಇಂಗ್ಲಿಷ್. ಡಚ್ ಕಲಿಯಲೇಬೇಕೆಂಬ ಕಾನೂನಿನ ಒತ್ತಾಯ ಅವರ ಮೇಲಿಲ್ಲ. ಮಕ್ಕಳು ಡಚ್ ಶಾಲೆಗೆ ಸೇರಿದಾಗ, ಪೌರತ್ವದ ಪರೀಕ್ಷೆ ಹತ್ತಿರ ಬಂದಾಗ, ಜೊತೆಗೆ ಬಂದ ಪತ್ನಿಯೋ ಪತಿಯೋ ಕೆಲಸ ಹುಡುಕಲು ಹೊರಟಾಗ ಭಾಷೆಯ ಕೊರತೆ ಬಾಧಿಸತೊಡಗುತ್ತದೆ.

ವಿನಿಮಯಕ್ಕೆ ಹೋದರೆ ಕೆಲವೆಡೆ ಬ್ರಿಟಿಷರೋ ಅಮೆರಿಕನ್ನರೋ ಬೇಕು ಎಂಬ ಬೇಡಿಕೆ ಎದುರಾಗುತ್ತದೆ. ಇದು ಸರಿಯೇ? ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಕೃತಿಯಲ್ಲಿ, ತಾಯ್ನುಡಿಯವರೇ ಒಳ್ಳೆಯ ಶಿಕ್ಷಕರು ಎಂಬ ನಂಬಿಕೆಗೆ ಆಧಾರವಿಲ್ಲ ಎಂದರು. ಕಾಶ್ಮೀರದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ಬ್ರಜ್ ಕಛ್ರು 1985ರಲ್ಲಿ ಇಂಗ್ಲಿಷನ್ನು ಮೂರು ವರ್ತುಲಗಳಲ್ಲಿ ಇಟ್ಟರು: ಒಳಗೆ ಬ್ರಿಟನ್, ಅಮೆರಿಕದಂಥ ದೇಶಗಳು, ನಡುವೆ ಇಂಗ್ಲಿಷನ್ನು ತಮ್ಮದಾಗಿಸಿಕೊಂಡ ಭಾರತದಂಥವು, ಹೊರಗೆ ಅದನ್ನು ವಿದೇಶಿ ಭಾಷೆಯಾಗಿ ಕಲಿಯುವವು. ನೆದರ್ಲೆಂಡ್ಸ್ ಮೂರನೆಯದರಲ್ಲಿದೆ. 2000ರಲ್ಲಿ ಜೆನಿಫರ್ ಜೆಂಕಿನ್ಸ್, ಬೇರೆ ಬೇರೆ ನಾಡಿನವರು ಪರಸ್ಪರ ಇಂಗ್ಲಿಷಾಡುವಾಗ ಅರ್ಥಕ್ಕೆ ಅಡ್ಡಿಯಾಗುವ ಧ್ವನಿಗಳಾವುವು, ಆಗದವು ಯಾವುವು ಎಂದು ವಿಂಗಡಿಸಿದರು. ಡಚ್ಚರಿಗೂ ಭಾರತೀಯರಿಗೂ ತೊಡಕಾಗುವ 'ಥಿಂಕ್' ಪದದ ಮೊದಲ ಧ್ವನಿ ಎರಡನೆಯ ಗುಂಪಿನಲ್ಲಿದೆ.

ಎದುರುವಾದಕ್ಕೂ ಹುರುಳಿದೆ. ಲಂಡನ್ನಿನ ಕಂಪನಿಯ ಸಂದರ್ಶನಕ್ಕೆ ಸಿದ್ಧವಾಗುವ ಡಚ್ ಯುವತಿಗೆ ಆ ಊರಿನ ಲಯ, ಅಲ್ಲಿನ ನಯದ ಮಾತು ಬೇಕಿರಬಹುದು. ಆದರೆ ಬಹುಪಾಲು ಡಚ್ಚರಿಗೆ ಇಂಗ್ಲಿಷ್ ಬೇಕಿರುವುದು ಜರ್ಮನ್, ಚೀನೀ, ಭಾರತೀಯ ಸಹೋದ್ಯೋಗಿಗಳೊಡನೆ ಆಡಲು. ಆ ಕೆಲಸಕ್ಕೆ ಬೆಂಗಳೂರಿನಲ್ಲಿ ಹತ್ತು ವರ್ಷ ಇಂಗ್ಲಿಷಿನಲ್ಲೇ ದುಡಿದವರು ತಕ್ಕ ಜೊತೆಗಾರರು. ಅವರಲ್ಲಿ ಇನ್ನೊಂದು ಬಂಡವಾಳವಿದೆ: ಇಂಗ್ಲಿಷನ್ನು ಕಲಿತು ಪಡೆದವರಾದ್ದರಿಂದ ಎಲ್ಲಿ ಎಡವುತ್ತದೆಂದು ಅವರಿಗೆ ಗೊತ್ತು, ವ್ಯಾಕರಣ ಬಿಡಿಸಿ ಹೇಳಲೂ ಬರುತ್ತದೆ.

ಕೊಡುಕೊಳ್ಳುವಿಕೆಯೋ, ಕೊಡುಗೆಯೋ?

ಸಮಾನ ಲಾಭ ಎಂಬ ಸೂತ್ರವನ್ನೇ ಪ್ರಶ್ನಿಸುವವರೂ ಇದ್ದಾರೆ. ಕೆನಡಾಕ್ಕೆ ವಲಸೆ ಬಂದ ಮಹಿಳೆಯರನ್ನು ಅಧ್ಯಯನ ಮಾಡಿದ ಬಾನಿ ನಾರ್ಟನ್ 1995ರಲ್ಲಿ ತೋರಿಸಿದ್ದೇನೆಂದರೆ, ಮಾತಾಡುವ ಅವಕಾಶವೇ ಅಧಿಕಾರದ ಮೇಲೆ ನಿಂತಿದೆ. ಯಾರ ಮಾತನ್ನು ಕೇಳಬೇಕು ಎಂಬುದನ್ನು ಸಮಾಜ ಮೊದಲೇ ತೀರ್ಮಾನಿಸಿರುತ್ತದೆ. ಸಿರಿಯಾದಿಂದಲೋ ಎರಿಟ್ರಿಯಾದಿಂದಲೋ ಬಂದ ನಿರಾಶ್ರಿತರಿಗೆ ವಿನಿಮಯಕ್ಕೆ ಕೊಡಲು ಇಂಗ್ಲಿಷ್ ಇಲ್ಲದಿರಬಹುದು. ಅವರು ಕೊಡಬಲ್ಲ ಅರಬಿಗೋ ತಿಗ್ರಿನ್ಯಕ್ಕೋ ಮಾರುಕಟ್ಟೆಯಲ್ಲಿ ಬೇಡಿಕೆ ಕಡಿಮೆ.

ನೆದರ್ಲೆಂಡ್ಸ್‌ನಲ್ಲಿ ಇಂಥವರ ಕೈಹಿಡಿದಿರುವುದು ಇನ್ನೊಂದು ಸಂಪ್ರದಾಯ. ಗಿಲ್ಡ ಸಾಮೆನ್‌ಸ್ಪ್ರಾಕ್ ಎಂಬ ಸ್ವಯಂಸೇವಾ ಜಾಲ, ಹೆತ್ ಬೆಖಿಂತ್ ಮೆತ್ ತಾಲ್ ಎಂಬ ಒಕ್ಕೂಟ, ಗ್ರಂಥಾಲಯಗಳ ಭಾಷಾ ಕೆಫೆಗಳು, ಇವು ಹೊಸಬರನ್ನು ಸ್ಥಳೀಯ ಸ್ವಯಂಸೇವಕರೊಡನೆ ಜೋಡಿಸುತ್ತವೆ. ಹೀಗೆ ಬರುವವರಲ್ಲಿ ನಿವೃತ್ತರು ಬಹಳ. ಅವರು ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಇಂಗ್ಲಿಷ್ ಕಲಿಸಬೇಕಿಲ್ಲದ ಕಾರಣ ಗಂಟೆ ಪೂರ್ತಿ ಡಚ್ಚಿಗೇ ಸಲ್ಲುತ್ತದೆ. ಹಾಗಾದರೆ ಭಾರತೀಯ ಎಂಜಿನಿಯರ್‌ಗೂ ಇದೇ ಉತ್ತಮವಲ್ಲವೇ? ಹಲವರ ಮಟ್ಟಿಗೆ ಹೌದು. ಆದರೆ ಕೊಡುಗೆಯಲ್ಲಿ ಪಡೆಯುವವರು ಸದಾ ಪಡೆಯುವವರಾಗಿಯೇ ಉಳಿಯುತ್ತಾರೆ. ವಿನಿಮಯದಲ್ಲಿ ಗಂಟೆಯ ನಡುವೆ ಪಾತ್ರ ಅದಲುಬದಲಾಗುತ್ತದೆ. ಹೊಸ ನಾಡಿನಲ್ಲಿ ಮಗುವಿನಂತೆ ತೊದಲಬೇಕಾದ ವಯಸ್ಕರಿಗೆ, ತಾವೂ ಬಲ್ಲವರಾಗುವ ಆ ಅರ್ಧ ಗಂಟೆ ಮುಖ್ಯ. ಹೀಗಾಗಿ ಜೊತೆಗಾರರನ್ನು ಹುಡುಕುವಾಗ ಅವರಿಗೆ ಇಂಗ್ಲಿಷ್ ಎಷ್ಟು ಬರುತ್ತದೆಂಬುದಕ್ಕಿಂತ ಎಷ್ಟು ಬೇಕಾಗಿದೆ ಎಂಬುದನ್ನು ನೋಡಬೇಕು. ಕೆನಡಾಕ್ಕೆ ಹೊರಡಲಿರುವ ನರ್ಸ್, ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿ, ಶಾಲೆಯಲ್ಲಿ ಇಂಗ್ಲಿಷ್ ಹೆಚ್ಚು ಓದದ ಮಧ್ಯವಯಸ್ಸಿನ ಕುಶಲಕರ್ಮಿ, ಇಂಥವರೊಡನೆ ಕೂಡಿದ ಜೋಡಿ ಬಾಳಿಕೆ ಬರುತ್ತದೆ.

ಇನ್ನೂ ತೀರ್ಮಾನವಾಗದವು

ವಿನಿಮಯದ ಫಲವನ್ನು ಬೇರ್ಪಡಿಸಿ ಅಳೆಯುವುದು ಹೇಗೆಂಬುದು ಇತ್ಯರ್ಥವಾಗಿಲ್ಲ. ಜೋಡಿಯಲ್ಲಿ ಕೂರುವವರು ತರಗತಿಗೂ ಹೋಗುತ್ತಾರೆ, ಡಚ್ ಸುದ್ದಿಯನ್ನೂ ನೋಡುತ್ತಾರೆ. ಮೇಲಾಗಿ ವರ್ಷಗಟ್ಟಲೆ ಉಳಿಯುವವರು ಮೊದಲೇ ಹುರುಪುಳ್ಳವರು. ಮುರಿದುಹೋದ ಜೋಡಿಗಳನ್ನು ಪತ್ತೆಹಚ್ಚಿ ಕೇಳುವುದು ಕಷ್ಟ. ಯಾವ ಡಚ್ ಎಂಬುದೂ ಪ್ರಶ್ನೆಯೇ. ಫ್ಲಾಂಡರ್ಸ್‌ನ ಖೆಂಟ್ ಊರಿನ ಜೊತೆಗಾರರ ಆಡುಮಾತು ಕಲಿತವರಿಗೆ ಉಟ್ರೆಕ್ಟ್‌ನಲ್ಲಿ ಎಷ್ಟು ನೆರವಾಗುತ್ತದೆ?

ಯಂತ್ರ ಹೊಸ ಪ್ರಶ್ನೆ ತಂದಿದೆ. 2023ರ ಕೊನೆಯ ಹೊತ್ತಿಗೆ ಸಂಭಾಷಣೆಯ ಕೃತಕ ಬುದ್ಧಿಮತ್ತೆ ಧ್ವನಿಯಲ್ಲೂ ಮಾತಾಡತೊಡಗಿತು. ಅದಕ್ಕೆ ಬೇಸರವಿಲ್ಲ, ಕೇಳಿಕೊಂಡರೆ ಅದು ಇಂಗ್ಲಿಷಿಗೆ ಹೊರಳುವುದಿಲ್ಲ, ತಪ್ಪನ್ನು ಮುಲಾಜಿಲ್ಲದೆ ತಿದ್ದುತ್ತದೆ. ಲಾಂಗ್ ಹೇಳಿದ ಎಳೆದಾಟ ಅದರೊಡನೆಯೂ ಸಾಧ್ಯವೇ ಅಥವಾ ಎದುರಿಗೊಬ್ಬರು ನಮ್ಮ ಮಾತಿಗಾಗಿ ಕಾಯುತ್ತಿದ್ದಾರೆ ಎಂಬ ಒತ್ತಡವಿಲ್ಲದೆ ಸ್ವೇನ್ ಹೇಳಿದ ಕಲಿಕೆ ನಡೆಯುವುದಿಲ್ಲವೇ ಎಂಬ ಬಗ್ಗೆ ಸಂಶೋಧಕರ ನಡುವೆ ಒಮ್ಮತವಿಲ್ಲ.

ಹೊಸಬರಿಗೆ ಡಚ್ ಕಲಿಸುವ ಹೊಣೆ ಯಾರದು ಎಂಬುದು ರಾಜಕೀಯದ ಅಂಗಳದಲ್ಲಿದೆ. 2022ರ ಜನವರಿಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಜಾರಿಗೆ ಬಂದ ಕಾನೂನು ನಿರಾಶ್ರಿತರಿಂದ, ಕುಟುಂಬ ಸೇರಲು ಬಂದವರಿಂದ ಡಚ್‌ನಲ್ಲಿ ಮೊದಲಿಗಿಂತ ಮೇಲಿನ ಬಿ1, ಅಂದರೆ ಮಧ್ಯಮ, ಮಟ್ಟವನ್ನು ಅಪೇಕ್ಷಿಸುತ್ತದೆ ಮತ್ತು ಉಸ್ತುವಾರಿಯನ್ನು ನಗರಸಭೆಗಳಿಗೆ ಒಪ್ಪಿಸಿದೆ. ಕಂಪನಿಗಳು ಕರೆಸಿಕೊಂಡ ತಂತ್ರಜ್ಞರು ಅದರ ವ್ಯಾಪ್ತಿಗೆ ಬರುವುದಿಲ್ಲ. 2024ರಲ್ಲಿ ಸಚಿವ ರಾಬರ್ಟ್ ದೈಕ್‌ಖ್ರಾಫ್ ಸಂಸತ್ತಿಗೆ ತಂದ ಮಸೂದೆ ವಿಶ್ವವಿದ್ಯಾಲಯಗಳಲ್ಲಿ ಡಚ್ಚಿನ ಪಾಲು ಹೆಚ್ಚಿಸಲು ಹೊರಟು ದೊಡ್ಡ ವಾದವಿವಾದ ಎಬ್ಬಿಸಿತು. ಇಂಗ್ಲಿಷಿನಲ್ಲೇ ಕೆಲಸ ಕೊಟ್ಟು ಕರೆಸಿಕೊಂಡ ಕಂಪನಿ, ಆ ಕೆಲಸಗಾರರಿಗೆ ಡಚ್ ಕಲಿಯಲು ಕೆಲಸದ ಹೊತ್ತಿನಲ್ಲೇ ಗಂಟೆ ಬಿಟ್ಟುಕೊಡಬೇಕೇ, ನಗರಸಭೆ ಜೊತೆಗಾರರನ್ನು ಹುಡುಕಿಕೊಡಬೇಕೇ, ಇಲ್ಲವೆ ಕಲಿಯುವವರು ಸಂಜೆಯ ತಮ್ಮ ಬಿಡುವಿನಲ್ಲಿ ಈಗಿನಂತೆ ತಾವೇ ಹುಡುಕಿಕೊಳ್ಳಬೇಕೇ ಎಂಬುದನ್ನು ಆ ದೇಶ ಇನ್ನೂ ನಿರ್ಧರಿಸಬೇಕಿದೆ.